ಪುಸ್ತಕದ ಬೀರುವಿಗೆ ಬೀಗ ಬೇಡ



ಈ ಸಲ ನಾನು ಒಗಟುಗಳನ್ನು ಬರೆದುಕೊಡಬೇಕಾಗಿತ್ತು. ಸಂಪಾದಕಿಯನ್ನು ಕೇಳಿ ಅದರ ಬದಲು ಇದನ್ನು ಬರೆದಿದ್ದೇನೆ. ಒಂದು ಹಾಳೆ ಅಂತ ಶುರು ಮಾಡಿದ್ದು ಮೂರು ಡ್ರಾಯಿಂಗ್ ಶೀಟ್ ಆಗಿದೆ. ನಿಂತುಕೊಂಡೇ ಓದಬೇಕು, ಕ್ಷಮಿಸಿ. ಐದನೇ ತರಗತಿಯವರಿಗೆ ಎಟುಕದಿದ್ದರೆ ದೊಡ್ಡವರು ಓದಿ ಹೇಳಿ.

ವಿಷಯ ಹೆಡ್ ಮೇಷ್ಟ್ರ ರೂಮಿನಲ್ಲಿರುವ ಮರದ ಬೀರುವಿನದು. ಅದರಲ್ಲಿ ನಮ್ಮ ಶಾಲೆಯ ಪುಸ್ತಕಗಳಿವೆ. ಮೊದಲು ಶನಿವಾರ ಶನಿವಾರ ಮನೆಗೆ ಕೊಡುತ್ತಿದ್ದರು. ಈ ಜೂನ್ ತಿಂಗಳಲ್ಲಿ ಲೆಕ್ಕ ಮಾಡಿದಾಗ ರಿಜಿಸ್ಟರಿನಲ್ಲಿ 214 ಪುಸ್ತಕ, ಬೀರುವಿನಲ್ಲಿ 197. ಅಂದ್ರೆ ನಾಲ್ಕು ವರ್ಷದಲ್ಲಿ 17 ಪುಸ್ತಕ ಇಲ್ಲ. ಅವತ್ತಿನಿಂದ ಬೀಗ ಬಿತ್ತು. ಈಗ ಶನಿವಾರ ಕೊನೆ ಪೀರಿಯಡ್‌ನಲ್ಲಿ ನಲವತ್ತು ನಿಮಿಷ ಕ್ಲಾಸಿನಲ್ಲೇ ಓದಿ ವಾಪಸ್ ಇಡಬೇಕು. ಹಂಚುವುದಕ್ಕೆ ಹತ್ತು ನಿಮಿಷ, ಎಣಿಸಿಕೊಳ್ಳುವುದಕ್ಕೆ ಹತ್ತು ನಿಮಿಷ. ಉಳಿದ ಇಪ್ಪತ್ತು ನಿಮಿಷದಲ್ಲಿ ಯಾವ ಕತೆ ಮುಗಿಯುತ್ತೆ ಹೇಳಿ? ಮುಂದಿನ ಶನಿವಾರ ಅದೇ ಪುಸ್ತಕ ಸಿಗುತ್ತೆ ಅಂತ ಗ್ಯಾರಂಟಿ ಇಲ್ಲ. ನನಗೆ ಅರ್ಧಕ್ಕೆ ನಿಂತ ಕತೆ ಏಳು ಇವೆ.

ನನ್ನ ಅಭಿಪ್ರಾಯ: ಪುಸ್ತಕಗಳನ್ನು ಮೊದಲಿನ ಹಾಗೆ ಮನೆಗೆ ಕೊಡಬೇಕು.

ಯಾಕೆ ಅಂತ ಹೇಳುತ್ತೇನೆ. ನನಗೆ ಓದುವ ಚಟ. ನಮ್ಮ ಮನೆಯಲ್ಲಿ ಪಾಠದ ಪುಸ್ತಕ ಬಿಟ್ಟರೆ ಇರುವುದು ಪಂಚಾಂಗ, ಕರೆಂಟ್ ಬಿಲ್ಲು ಮತ್ತು ಟ್ರ್ಯಾಕ್ಟರ್ ಸಾಲದ ಕಾಗದ. ಮೂರನ್ನೂ ಓದಿದ್ದೇನೆ. ಅಂಗಡಿಯಿಂದ ಕಡ್ಲೆಪುರಿ ಕಟ್ಟಿಕೊಟ್ಟ ಪೇಪರನ್ನು ಬಿಚ್ಚಿ ಓದುತ್ತಿದ್ದರೆ ಅವ್ವ, "ಮೊದ್ಲು ಪುರಿ ತಿನ್ನು, ಮೆತ್ತಗಾಗದೆ" ಅಂತ ಬೈಯುತ್ತಾಳೆ. ಆ ಪೇಪರಿನಲ್ಲಿ ಯಾವಾಗಲೂ ಧಾರಾವಾಹಿಯ ಎಂಟನೇ ಕಂತೇ ಇರುತ್ತೆ, ಒಂಬತ್ತು ಸಿಗಲ್ಲ.

ಕೊಂಡುಕೊಳ್ಳೋಣ ಅಂದರೆ ದುಡ್ಡು. ಸಂಜೆ ಹೂ ಕಟ್ಟಿದರೆ ನನಗೆ ಮಾರಿಗೆ ಮೂರು ರೂಪಾಯಿ ಕೊಡುತ್ತಾರೆ. ಅದರಲ್ಲಿ ಎರಡು ಅವ್ವನಿಗೆ, ಒಂದು ನನಗೆ. ಹಾಗೆ ಕೂಡಿಟ್ಟಿದ್ದು 62 ರೂಪಾಯಿ. ಟೌನಿನ ಪುಸ್ತಕದ ಅಂಗಡಿಯಲ್ಲಿ ಆ ದುಡ್ಡಿಗೆ ಗೈಡೂ ಬರಲಿಲ್ಲ. ಆದರೆ ಬಸ್ ಸ್ಟ್ಯಾಂಡಿನ ಹಿಂದೆ ಗುಜರಿ ಅಂಗಡಿ ಇದೆ ನೋಡಿ, ಅಲ್ಲಿ ಹಳೇ ಪುಸ್ತಕ ತಕ್ಕಡಿಯಲ್ಲಿ ತೂಗುತ್ತಾರೆ. ಕಿಲೋ ಇಪ್ಪತ್ತು ರೂಪಾಯಿ. ಎರಡು ಕಿಲೋ ತಂದೆ. ಸುಧಾ, ತರಂಗ, ಮಯೂರ, ಮಧ್ಯೆ ಮೂರು ಚಂದಮಾಮ ಸಿಕ್ಕಿದವು. ಚಂದಮಾಮ ಈಗ ನಿಂತುಹೋಗಿದೆ, ನಾನು ಹುಟ್ಟುವುದಕ್ಕೆ ಮುಂಚಿನವು ಅವು. ಗುಜರಿಯವರು ಒಳ್ಳೆಯವರು. ಕೂತು ಆರಿಸಲು ಬಿಟ್ಟರು. ಆದರೆ ಕಾದಂಬರಿ ದಪ್ಪ ಇದ್ದಷ್ಟೂ ಬೆಲೆ ಜಾಸ್ತಿ, ಚೆನ್ನಾಗಿದೆಯೋ ಇಲ್ಲವೋ ತಕ್ಕಡಿಗೆ ಗೊತ್ತಾಗಲ್ಲ. ಅದಕ್ಕೇ ಸಣ್ಣ ಪುಸ್ತಕವೇ ನನಗೆ ಲಾಭ.

ಪಂಚಾಯ್ತಿ ಲೈಬ್ರರಿಯೂ ಇದೆ. ಈಗ ಅದಕ್ಕೆ ಅರಿವು ಕೇಂದ್ರ ಅಂತ ಬೋರ್ಡು ಹಾಕಿದ್ದಾರೆ. 2020ರಲ್ಲಿ ಸರ್ಕಾರ 'ಓದುವ ಬೆಳಕು' ಅಂತ ಶುರು ಮಾಡಿ ಮಕ್ಕಳಿಗೆ ಬಿಟ್ಟಿ ಸದಸ್ಯತ್ವ ಕೊಟ್ಟಿತು. ನನ್ನ ಹತ್ತಿರ ಕಾರ್ಡಿದೆ. ನಿಮ್ಮ ಹತ್ತಿರ ಇಲ್ಲದಿದ್ದರೆ ಹೋಗಿ ಮಾಡಿಸಿ, ಒಂದು ಪೈಸೆ ಕೇಳಲ್ಲ. ಆದರೆ ಅದು ನಮ್ಮೂರಿಂದ ಮೂರು ಕಿಲೋಮೀಟರು. ದನ ಕಟ್ಟಿ, ಹೂ ಕಟ್ಟಿ ನಾನು ಹೊರಡುವಷ್ಟರಲ್ಲಿ ಕತ್ತಲು. ದಾರಿಯಲ್ಲಿ ಕಬ್ಬಿನ ಗದ್ದೆ, ಚಿರತೆ ಬಂದಿತ್ತು ಅಂತ ಅಪ್ಪ ಕಳಿಸಲ್ಲ. ರಜ ಇದ್ದರೆ ಮಾತ್ರ.

ಕಳೆದ ದಸರಾ ರಜದಲ್ಲಿ ಅವ್ವನನ್ನು ಕಾಡಿಸಿ ನಮ್ಮ ಮಂಡ್ಯ ಜಿಲ್ಲೆಯ ಹರಳಹಳ್ಳಿಗೆ ಹೋಗಿದ್ದೆ. ಪಾಂಡವಪುರ ತಾಲ್ಲೂಕು. ಅಲ್ಲಿ ಅಂಕೇಗೌಡರ 'ಪುಸ್ತಕ ಮನೆ' ಇದೆ. ಅವರು ಬಸ್ ಕಂಡಕ್ಟರ್ ಆಗಿದ್ದವರು, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು. ಸಂಬಳದ ಬಹುಪಾಲನ್ನು ಪುಸ್ತಕಕ್ಕೆ ಹಾಕಿ ಲಕ್ಷಗಟ್ಟಲೆ ಪುಸ್ತಕ ಸೇರಿಸಿದ್ದಾರೆ. ಬೀರು, ನೆಲ, ಚೀಲ ಎಲ್ಲಾ ಪುಸ್ತಕ. ಫೀಸಿಲ್ಲ, ಯಾರು ಬೇಕಾದರೂ ಹೋಗಿ ಓದಬಹುದು. ಹೆಂಗಸರಿಗೂ ಹೆಣ್ಣುಮಕ್ಕಳಿಗೂ 2023ರ ಜೂನ್‌ನಿಂದ ಬಸ್ಸು ಫ್ರೀ ಆಗಿದ್ದರಿಂದ ಅವ್ವನಿಗೂ ನನಗೂ ಟಿಕೇಟಿನ ಖರ್ಚೂ ಬೀಳಲಿಲ್ಲ. ಅವ್ವ ಬಾಗಿಲಲ್ಲೇ ನಿಂತು, "ಇಷ್ಟೊಂದ ಯಾರ್ ಓದಾರು ಮಗಾ?" ಅಂದಳು. ನಾನು, "ನಾನು ಒಬ್ಬಳೇ ಅಲ್ವಲ್ಲವ್ವ" ಅಂದೆ. ಸಾಯಂಕಾಲದ ಬಸ್ಸಿನ ತನಕ ಅಲ್ಲೇ ಕೂತಿದ್ದೆ. ಆದರೆ ಅದು ವರ್ಷಕ್ಕೊಂದು ಸಲ ಹೋಗುವ ಜಾತ್ರೆ ಇದ್ದ ಹಾಗೆ. ದಿನಾ ಊಟಕ್ಕೆ ಮನೆಯಲ್ಲೇ ಸಿಗಬೇಕು.

ಈಗ ಒಂದು ನಿಜ ಹೇಳಬೇಕು. ಇದನ್ನು ಬರೆಯುವುದೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ.

ಕಾಣದಿರುವ 17 ಪುಸ್ತಕದಲ್ಲಿ ಒಂದು ನನ್ನದು. ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ'. ಕಳೆದ ಬೇಸಿಗೆ ರಜಕ್ಕೆ ತೆಗೆದುಕೊಂಡು ನಾಗಮಂಗಲದ ಕಡೆ ಅಜ್ಜಿ ಊರಿಗೆ ಹೋಗಿದ್ದೆ. ಅಜ್ಜಿಗೆ ಓದು ಬರಲ್ಲ. ರಾತ್ರಿ ಜಗಲಿಯಲ್ಲಿ ನಾನು ಗಟ್ಟಿಯಾಗಿ ಓದುತ್ತಿದ್ದೆ. ಅದರಲ್ಲಿ ಕಿವಿ ಅಂತ ಒಂದು ನಾಯಿ ಬರುತ್ತೆ. ಅಜ್ಜಿ, "ನಾಯಿ ಕತೇನೂ ಪುಸ್ತಕ ಮಾಡ್ತಾರಾ? ಹಂಗಾರೆ ನಮ್ಮ ಕರಿಯಂದೂ ಬರೀಬೋದು" ಅಂದಳು. ಮೂರನೇ ದಿನಕ್ಕೆ ಪಕ್ಕದ ಮನೆಯವರು ಬಂದು ಕೂತರು. ಆಮೇಲೆ ಎದುರು ಮನೆಯವರು. ನಾನು ಊರಿಗೆ ಹೊರಡುವ ದಿನ ಪಕ್ಕದ ಮನೆಯ ಅಣ್ಣ, ಗಾರ್ಮೆಂಟ್ಸಿಗೆ ಹೋಗುವವನು, "ಮುಗಿಸಿ ಕೊಡ್ತೀನಿ ಕಣವ್ವ, ಎರಡೇ ದಿನ" ಅಂತ ಇಸ್ಕೊಂಡ.

ಎರಡು ದಿನ ಅಂದಿದ್ದು ಐದು ತಿಂಗಳಾಯಿತು. ಜೂನ್‌ನಲ್ಲಿ ಲೆಕ್ಕ ಕೇಳಿದಾಗ ನಾನು ಬಾಯಿ ಬಿಡಲಿಲ್ಲ. ದಂಡ ಕಟ್ಟಬೇಕಾಗುತ್ತೆ ಅಂತ ಭಯ. ಬೀಗ ಬಿದ್ದಾಗ ನನ್ನಿಂದಲೇ ಬಿತ್ತು ಅಂತ ಅನ್ನಿಸಿತು. ದಸರಾ ರಜದಲ್ಲಿ ಅಜ್ಜಿ ಊರಿಗೂ ಹೋಗಿ ಹುಡುಕಿದೆ. ಗಾರ್ಮೆಂಟ್ಸ್ ಅಣ್ಣ ಟೆಂಪೋ ಓಡಿಸುವ ಮಾವನಿಗೆ ಕೊಟ್ಟಿದ್ದ. ಆ ಮಾವ ತನ್ನ ತಂಗಿಗೆ ಕೊಟ್ಟಿದ್ದರು. ಆ ಅಕ್ಕ ಓದಿ ಟೈಲರ್ ಅಂಗಡಿಯಲ್ಲಿ ಮರೆತು ಬಂದಿದ್ದರು. ಟೈಲರ್ ಪಕ್ಕದ ಕಟಿಂಗ್ ಶಾಪಿಗೆ ಕೊಟ್ಟಿದ್ದರು. ಕಟಿಂಗ್ ಶಾಪಿನಲ್ಲಿ ಸರದಿಗೆ ಕಾಯುವವರು ಓದಲಿ ಅಂತ ಬೆಂಚಿನ ಮೇಲೆ ಇಟ್ಟಿದ್ದರು! ನಾನು ಹೋದಾಗಲೂ ಒಬ್ಬ ತಾತ ಕನ್ನಡಕ ಹಾಕಿಕೊಂಡು ಓದುತ್ತಿದ್ದರು. ಅವರು ಆ ಕತೆ ಮುಗಿಸುವ ತನಕ ನಾನು ಹೊರಗೆ ಕಾದೆ.

ಮೇಲಿನ ರಟ್ಟು ಹೋಗಿತ್ತು. ಒಂದು ಕಡೆ ರಾಗಿ ಹಿಟ್ಟಿನ ಬೆರಳಚ್ಚು. ಮಧ್ಯೆ ನಾಲ್ಕು ಪುಟ ಇರಲಿಲ್ಲ.

ಈಗ ನಾನು ಕೇಳುವುದು ಇಷ್ಟೇ. ಈ ಪುಸ್ತಕ ಕಳೆದುಹೋಗಿತ್ತೋ? ರಿಜಿಸ್ಟರಿನಲ್ಲಿ 'ಇಲ್ಲ' ಅಂತ ಕೆಂಪು ಶಾಯಿಯಲ್ಲಿ ಬರೆದಿದೆ. ಆದರೆ ನಮ್ಮ ಶಾಲೆಯ 214ರಲ್ಲಿ ಆ ವರ್ಷ ಅತಿ ಹೆಚ್ಚು ಜನ ಓದಿದ ಪುಸ್ತಕ ಅದೇ ಇರಬೇಕು. ಉಳಿದ 16ರಲ್ಲಿ ಕೆಲವಾದರೂ ಹೀಗೇ ಎಲ್ಲೋ ಬೆಂಚಿನ ಮೇಲಿರಬಹುದು. ಕೇಳಿದರೆ ಬರುತ್ತವೆ. ಹೆದರಿಸಿದರೆ ಅಟ್ಟ ಸೇರುತ್ತವೆ.

ಇನ್ನು ಬೀಗದ ಒಳಗಿನ ಕತೆ. ಆಯುಧಪೂಜೆಗೆ ರೂಮು ತೊಳೆಯುವಾಗ ನಾವು ಏಳನೇ ತರಗತಿಯವರು ಬೀರು ಸರಿಸಿದೆವು. ಹಿಂದಿನ ಗೋಡೆ ಮಳೆಗೆ ಒದ್ದೆ. ಕೆಳಗಿನ ಸಾಲಿಗೆ ಗೆದ್ದಲು ಹಿಡಿದು 11 ಪುಸ್ತಕ ಮಣ್ಣಾಗಿದ್ದವು. ಎತ್ತಿದರೆ ಕೈಗೆ ರಟ್ಟು ಮಾತ್ರ ಬಂತು. ಅವುಗಳಲ್ಲಿ ನ್ಯಾಷನಲ್ ಬುಕ್ ಟ್ರಸ್ಟಿನ ಬಣ್ಣದ ಚಿತ್ರದ ಪುಸ್ತಕಗಳಿದ್ದವು. ಭಾರತ-ಭಾರತಿ ಮಾಲೆಯ ಪುಟ್ಟ ಪುಸ್ತಕಗಳೂ ಇದ್ದವು. ಆ ಮಾಲೆಯಲ್ಲಿ ಐನೂರಕ್ಕೂ ಹೆಚ್ಚು ಪುಸ್ತಕ ಬಂದಿವೆ, ಲಂಗದ ಜೇಬಿನಲ್ಲಿ ಹಿಡಿಯುವಷ್ಟು ಚಿಕ್ಕವು. ಜೇಬಿನಲ್ಲಿ ಇದ್ದಿದ್ದರೆ ಗೆದ್ದಲು ತಿನ್ನುತ್ತಿರಲಿಲ್ಲ.

ನಾನು ಗಣಿತದಲ್ಲಿ ಅಷ್ಟಕ್ಕಷ್ಟೇ, ಆದರೂ ಲೆಕ್ಕ ಹಾಕಿದೆ. ನಮ್ಮಿಂದ ನಾಲ್ಕು ವರ್ಷಕ್ಕೆ 17 ಹೋದವು. ಹೀಗೇ ಹೋದರೂ ಈಗ ಉಳಿದಿರುವ 186 ಪುಸ್ತಕ ಮುಗಿಯುವುದಕ್ಕೆ ಸುಮಾರು 44 ವರ್ಷ ಬೇಕು. ಆಗ ನನಗೆ 57. ಗೆದ್ದಲು ವರ್ಷಕ್ಕೆ 11 ತಿಂದರೆ 17 ವರ್ಷಕ್ಕೇ ಬೀರು ಖಾಲಿ. ಆಗ ನನಗೆ 30. ಹಾಗಾದರೆ ಯಾರಿಗೆ ಬೀಗ ಹಾಕಬೇಕು?

ಹೆಡ್ ಮೇಷ್ಟ್ರ ಮೇಲೆ ನನಗೆ ಸಿಟ್ಟಿಲ್ಲ. ಇದನ್ನು ಮನೆಯಲ್ಲಿ ಹೇಳಿದಾಗ ಅಪ್ಪ, "ಅವ್ರಿಗೆ ವರ್ಗ ಆಗಿ ಚಾರ್ಜ್ ಕೊಡುವಾಗ ಒಂದೊಂದಕ್ಕೂ ಲೆಕ್ಕ ಒಪ್ಪಿಸ್ಬೇಕು ಕಣಮ್ಮ. ಕಮ್ಮಿಯಾದ್ರೆ ಅವ್ರ ಕೈಯಿಂದ ಕಟ್ಬೇಕಾದೀತು" ಅಂದರು. ಅದು ನ್ಯಾಯವಾದ ಮಾತು. ನಾವು ಓದಿ ಅವರು ದುಡ್ಡು ಕಟ್ಟುವುದು ತಪ್ಪು. ಅದಕ್ಕೆ ರಿಜಿಸ್ಟರ್ ನಾವೇ ಬರೆಯುತ್ತೇವೆ. ವಾರಕ್ಕಿಬ್ಬರು. ಯಾರು ತೆಗೆದುಕೊಂಡರು ಅನ್ನುವುದರ ಜೊತೆ, ಯಾರ ಮನೆಯಲ್ಲಿ ಯಾರು ಯಾರು ಓದಿದರು ಅಂತಲೂ ಒಂದು ಕಾಲಂ ಇರಲಿ. ಅಜ್ಜಿ ಕೇಳಿಸಿಕೊಂಡರೆ ಅಜ್ಜಿ ಹೆಸರು. ಹರಿದು ತಂದವರಿಗೆ ದಂಡ ಬೇಡ, ಕೂತು ಅಂಟಿಸಲಿ. ಮೈದಾ ಹಿಟ್ಟಿನ ಅಂಟು ಕಾಯಿಸುವಾಗ ಒಂದು ಚಿಟಿಕೆ ಮೈಲುತುತ್ತ ಹಾಕಿದರೆ ಹುಳ ಬರಲ್ಲ ಅಂತ ಟೌನಿನ ಬೈಂಡಿಂಗ್ ತಾತ ಹೇಳಿಕೊಟ್ಟರು. (ಮೈಲುತುತ್ತ ವಿಷ, ದೊಡ್ಡವರೇ ಹಾಕಬೇಕು, ಆ ಕೈ ಬಾಯಿಗೆ ಇಡಬಾರದು.) ರಟ್ಟಿಗೆ ಹಳೇ ಮದುವೆ ಕಾಗದ ಇದ್ದೇ ಇದೆ. ನಮ್ಮೂರಿನಲ್ಲಿ ಅದಕ್ಕೇನೂ ಬರ ಇಲ್ಲ.

ಗಳಗನಾಥರ ವಿಷಯ ನಮ್ಮ ಕನ್ನಡ ಮೇಷ್ಟ್ರು ಹೇಳಿದ್ದು ನೆನಪಿದೆಯಾ? 1869ರಲ್ಲಿ ಹುಟ್ಟಿದವರು. ತಾವು ಬರೆದ ಕಾದಂಬರಿಗಳನ್ನು ತಾವೇ ತಲೆಯ ಮೇಲೆ ಹೊತ್ತುಕೊಂಡು ಊರೂರು ತಿರುಗಿ ಮಾರಿದರಂತೆ. ಅಷ್ಟು ದೊಡ್ಡವರು ಜನರ ಮನೆ ಬಾಗಿಲಿಗೆ ಪುಸ್ತಕ ತಂದರು. ನಮಗೆ ಬೀರುವಿನಿಂದ ಮನೆಗೆ ಅರ್ಧ ಕಿಲೋಮೀಟರ್ ಹೊರುವುದು ಕಷ್ಟವಾ?

ಹೋದ ಪುಸ್ತಕದ ಬದಲು ಹೊಸದು ಹೇಗೆ ಅಂತ ಕೇಳಬಹುದು. ಅದಕ್ಕೂ ದಾರಿ ಹುಡುಕಿದ್ದೇನೆ. ಬೆಂಗಳೂರಿನಲ್ಲಿ ಕನ್ನಡ ಪುಸ್ತಕ ಪ್ರಾಧಿಕಾರ ಇದೆ, ಸರ್ಕಾರದ್ದು. ನವೆಂಬರ್‌ನಲ್ಲಿ ರಾಜ್ಯೋತ್ಸವಕ್ಕೆ ತನ್ನ ಪುಸ್ತಕಗಳನ್ನು ಅರ್ಧ ಬೆಲೆಗೆ ಕೊಡುತ್ತಾ ಬಂದಿದೆ. ನಮ್ಮ ಶಾಲೆಯಲ್ಲಿ 96 ಮಕ್ಕಳಿದ್ದೇವೆ. ತಲೆಗೆ ಐದು ರೂಪಾಯಿ ಹಾಕಿದರೆ 480. ಅರ್ಧ ಬೆಲೆ ಅಂದರೆ ಅದು 960 ರೂಪಾಯಿಯ ಪುಸ್ತಕ. ನಮ್ಮ ಚಿಕ್ಕಪ್ಪ ಬೆಂಗಳೂರಿನಲ್ಲಿದ್ದಾರೆ, ಕೊಂಡು ಹಬ್ಬಕ್ಕೆ ಬರುವಾಗ ತರುತ್ತಾರೆ ಅಂತ ಅಂದುಕೊಂಡೆ. ಆದರೆ ಚಿಕ್ಕಪ್ಪನಿಗೆ ಮರೆವು ಜಾಸ್ತಿ, ಹೋದ ಯುಗಾದಿಗೆ ಅಜ್ಜಿಯ ಮಾತ್ರೆಯನ್ನೇ ಮರೆತರು. ಪೋಸ್ಟೇ ವಾಸಿ. ಪುಸ್ತಕಕ್ಕೆ ಅಂತಲೇ 2025ರ ಮೇ 1ರಿಂದ ಜ್ಞಾನ ಪೋಸ್ಟ್ ಶುರುವಾಗಿದೆ ಅಂತ ಪೋಸ್ಟ್‌ಮ್ಯಾನ್ ಅಣ್ಣ ಹೇಳಿದರು. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ಅಂತ ಇಟ್ಟಿದ್ದಾರೆ. ಒಂದೊಂದೇ ಕಳಿಸಿದರೆ ನಷ್ಟ, ಕಟ್ಟು ಕಟ್ಟಿ ಕಳಿಸಿದರೆ ಲಾಭ. ನೂರು ರೂಪಾಯಿ ಪೋಸ್ಟಿಗೆ ತೆಗೆದಿಟ್ಟರೂ 380 ಉಳಿಯುತ್ತೆ. ನನ್ನ 62 ರೂಪಾಯಿಯಲ್ಲಿ ಗುಜರಿಗೆ ಹೋಗಿ ಉಳಿದಿರುವ 22ನ್ನೂ ಕೊಡುತ್ತೇನೆ.

'ಪರಿಸರದ ಕತೆ' ಈಗ ನನ್ನ ಬ್ಯಾಗಿನಲ್ಲಿದೆ. ಪಂಚಾಯ್ತಿ ಲೈಬ್ರರಿಯಲ್ಲಿ ಅದೇ ಪುಸ್ತಕ ಇತ್ತು. ಮುದ್ರಣ ಬೇರೆ, ಪುಟದ ನಂಬರ್ ಹೊಂದಲಿಲ್ಲ. ಸಾಲು ಹುಡುಕಿ ಹುಡುಕಿ ಹೋದ ನಾಲ್ಕು ಪುಟವನ್ನು ನೀಲಿ ಪೆನ್ನಿನಲ್ಲಿ ಬರೆದು ಅಂಟಿಸಿದ್ದೇನೆ. ಒಂದು ಕಡೆ ಒತ್ತಕ್ಷರ ತಪ್ಪಿದೆ, ಹೊಡೆದು ಮತ್ತೆ ಬರೆದಿದ್ದೇನೆ. ರಟ್ಟಿಗೆ ನಮ್ಮ ಅತ್ತೆ ಮದುವೆಯ ಕಾಗದ ಹಾಕಿದ್ದೇನೆ, ಗಣೇಶನ ಚಿತ್ರ ಒಳಗಡೆಗೆ ಬಂದಿದೆ. ಇದನ್ನು ಗೋಡೆಗೆ ಹಾಕಿದ ದಿನವೇ ಹೆಡ್ ಮೇಷ್ಟ್ರ ಕೈಗೆ ಕೊಡುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಉಳಿದ 16 ಯಾರ ಹತ್ತಿರ ಇವೆಯೋ ಅವರು ನನ್ನ ಜೊತೆ ಬರಬಹುದು, ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ. ಒಬ್ಬಳೇ ಹೋಗುವುದಕ್ಕೆ ನನಗೂ ಭಯ.

ಏಳನೇ ತರಗತಿ, ಹಾಜರಿ ನಂಬರ್ 14