ಜರ್ಮನಿ ಬೇಕಾದರೆ ಪೂರ್ತಿ ತನ್ನಿ

"ಜರ್ಮನಿಯಲ್ಲಿ ಪಕ್ಷದ ಹೆಸರಲ್ಲೇ 'ಕ್ರಿಶ್ಚಿಯನ್' ಇದೆ, ಯಾರೂ ಕೇಳಲ್ಲ. ನಾವು ಧರ್ಮ ಅಂದ್ರೆ ಮಾತ್ರ ನಿಮಗೆ ಉರಿ!" ರಾಜಕೀಯದ ಮಾತು ಬಂದಾಗಲೆಲ್ಲ ನನ್ನ ಆಫೀಸಿನ ಗೆಳೆಯರು ಬಿಡುವ ಬ್ರಹ್ಮಾಸ್ತ್ರ ಇದು. ಸರಿ ಸ್ವಾಮಿ, ಹೆಸರು ಇದೆ. ಆ ಹೆಸರಿಟ್ಟುಕೊಂಡು ಅವರು ಮಾಡಿದ್ದೇನು, ಅದನ್ನೂ ನೋಡೋಣ.

ಸಿಡಿಯು ಹುಟ್ಟಿದ್ದು 1945ರಲ್ಲಿ, ಹಿಟ್ಲರ್ ಹಾಳುಗೆಡವಿದ ದೇಶದಲ್ಲಿ. ಶತಮಾನಗಳಿಂದ ಮುಖ ತಿರುಗಿಸಿಕೊಂಡಿದ್ದ ಕ್ಯಾಥೊಲಿಕರು, ಪ್ರೊಟೆಸ್ಟೆಂಟರು ಒಂದೇ ಚಾಪೆ ಮೇಲೆ ಕೂತು ಕಟ್ಟಿದ ಪಕ್ಷ. ಅದರ ನಾಯಕ ಅಡೆನೌರ್ ಚಾನ್ಸಲರ್ ಆಗಿದ್ದಾಗ, 1951ರಲ್ಲಿ, ಕಲ್ಲಿದ್ದಲು ಮತ್ತು ಉಕ್ಕಿನ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಕಾರ್ಮಿಕರಿಗೂ ಮಾಲೀಕರಷ್ಟೇ ಕುರ್ಚಿ ಸಿಕ್ಕವು. ಕಾರ್ಮಿಕ ಸಂಘಗಳು ಮುಷ್ಕರದ ಬೆದರಿಕೆ ಹಾಕಿದ್ದಕ್ಕೆ ಕೊಟ್ಟರು, ನಿಜ. ಆದರೆ ಕೊಟ್ಟರು. 1952ರಲ್ಲಿ ಇನ್ನೊಂದು ಕಾನೂನು: ಯುದ್ಧದಲ್ಲಿ ಆಸ್ತಿ ಉಳಿಸಿಕೊಂಡವರು ಅದರ ಅರ್ಧ ಬೆಲೆಯನ್ನು 30 ವರ್ಷಗಳ ಕಂತಿನಲ್ಲಿ ಕಟ್ಟಬೇಕು, ಆ ದುಡ್ಡು ಮನೆಮಠ ಕಳೆದುಕೊಂಡವರಿಗೆ. ಈ ರಾಜಕೀಯದ ಮೂಲಪಾಠ ಮತ್ತೊಂದಿದೆ: ಊರೇ ಮಾಡಿಕೊಳ್ಳಬಲ್ಲ ಕೆಲಸಕ್ಕೆ ರಾಜಧಾನಿ ಕೈ ಹಾಕಬಾರದು.

ಈಗ ನಮ್ಮ ಮಂಡ್ಯಕ್ಕೆ ಬನ್ನಿ. 2024ರ ಜನವರಿಯಲ್ಲಿ ಕೆರಗೋಡಿನ ಧ್ವಜಸ್ತಂಭದಿಂದ ಹನುಮಧ್ವಜ ಇಳಿಸಿ ರಾಷ್ಟ್ರಧ್ವಜ ಏರಿಸಿದರು. ಆಮೇಲೆ ಪಾದಯಾತ್ರೆ, ಲಾಠಿ, ಭಾಷಣ. ಪಂಚಾಯಿತಿ ಕಟ್ಟೆಯಲ್ಲಿ ಕೂತು ಬಗೆಹರಿಸಬಹುದಾಗಿದ್ದ ಮಾತಿಗೆ ಆಳುವವರು, ವಿರೋಧಿಸುವವರು ಇಬ್ಬರೂ ಬೆಂಗಳೂರಿನಿಂದಲೇ ತೀರ್ಪು ಕೊಟ್ಟರು.

ಅದೇ ಜಿಲ್ಲೆಯ ಇನ್ನೊಂದು ಕತೆ ಕೇಳಿ. ಕಬ್ಬು ಕೊಟ್ಟ 14 ದಿನದೊಳಗೆ ರೈತನಿಗೆ ದುಡ್ಡು ಬರಬೇಕು, ತಡವಾದರೆ ಶೇ. 15 ಬಡ್ಡಿ ಸೇರಿಸಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತೆ. ಮದ್ದೂರು ಕಡೆಯ ನಮ್ಮಪ್ಪ ತಿಂಗಳುಗಟ್ಟಲೆ ಕಾದಿದ್ದಾರೆ, ಬಡ್ಡಿಯ ಮುಖ ಒಂದು ದಿನವೂ ನೋಡಿಲ್ಲ. "ಕೇಳಕೋದ್ರೆ ನಾಳೆ ಬಾ ಅಂತಾರೆ ಕಣ್ಲಾ" ಅನ್ನೋದು ಅವರ ಅರ್ಥಶಾಸ್ತ್ರ. ಬಾಕಿಗಾಗಿ ಹಸಿರು ಟವೆಲ್ ಹಾಕ್ಕೊಂಡು ಧರಣಿ ಕೂತವರನ್ನ ಕಂಡಿದ್ದೀನಿ. ಧರ್ಮ ಉಳಿಸೋರು ಆ ಶಾಮಿಯಾನದ ಕಡೆ ತಲೆ ಹಾಕಿದ್ದನ್ನ ಮಾತ್ರ ಕಂಡಿಲ್ಲ.

ನನಗೆ ಧರ್ಮದ ಮೇಲೆ ಸಿಟ್ಟಿಲ್ಲ. ನಮ್ಮೂರ ಹನುಮಪ್ಪನಿಗೆ ನಾನೂ ಕೈ ಮುಗಿಯುವವನೇ. ಆದರೆ ಆತ ದೇವರಾಗಿದ್ದು ಬಾವುಟದಿಂದಲ್ಲ, ಸೇವೆಯಿಂದ. ಧರ್ಮದಿಂದ ರಾಜಕೀಯ ಮಾಡ್ತೀವಿ ಅನ್ನೋರು ಮೊದಲು ಲೆಕ್ಕ ಕೊಡಲಿ: ಕಬ್ಬಿನ ಬಾಕಿಗೆ ಬಡ್ಡಿ ಯಾವಾಗ? ಕಾರ್ಖಾನೆಯ ಆಡಳಿತ ಮಂಡಳಿಯಲ್ಲಿ ಕೆಲಸಗಾರನಿಗೆ, ಬೆಳೆಗಾರನಿಗೆ ಎಷ್ಟು ಕುರ್ಚಿ? ಗ್ರಾಮ ಪಂಚಾಯಿತಿ ಕೈಗೆ ಎಷ್ಟು ದುಡ್ಡು, ಎಷ್ಟು ಅಧಿಕಾರ?

ಉತ್ತರ ಇಲ್ಲದಿದ್ದರೆ ಜರ್ಮನಿಯ ಹೆಸರು ಎತ್ತಬೇಡಿ. ಅವರ ಬೋರ್ಡು ಮಾತ್ರ ತಂದು, ಅಂಗಡಿಯ ಸಾಮಾನು ಅಲ್ಲೇ ಬಿಟ್ಟು ಬಂದರೆ ಅದಕ್ಕೆ ವ್ಯಾಪಾರ ಅನ್ನಲ್ಲ, ಮೋಸ ಅಂತಾರೆ.