ಬೀರುವಿನ ಬೀಗ ತೆಗೆಯಿರಿ, ಮಗುವಿನ ಮಾತನ್ನು ಹಾಳೆಗಿಳಿಸಿ

ಶಿಕ್ಷಕರಿಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೆ, ತಂದೆತಾಯಂದಿರಿಗೆ ಒಂದು ಮನವಿ



ಒಂದರಿಂದ ಐದನೆಯ ತರಗತಿಯವರೆಗಿನ ಪ್ರತಿ ಮಗುವಿಗೂ ಶಾಲೆಯಲ್ಲಿ ದಿನಕ್ಕೊಂದು ಅವಧಿ ಸಿಗಬೇಕು. ಆ ನಲವತ್ತು ನಿಮಿಷದಲ್ಲಿ ಮಗು ತಾನೇ ಆರಿಸಿಕೊಂಡ ಪುಸ್ತಕ ಓದಬೇಕು, ತನ್ನದೇ ಮಾತನ್ನು ಬರೆಯಬೇಕು. ವೇಳಾಪಟ್ಟಿಯಲ್ಲಿ ಅದಕ್ಕೆ ಜಾಗ ಇರಬೇಕು. ಸಭೆ, ತರಬೇತಿ, ಮಾಹಿತಿ ತುಂಬುವ ಕೆಲಸ ಬಂದಾಗ ಎಲ್ಲಕ್ಕಿಂತ ಮೊದಲು ಬಿಟ್ಟುಹೋಗುವ ಅವಧಿ ಅದಾಗಬಾರದು. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ನಾನು ಕೇಳುತ್ತಿರುವುದು ಇಷ್ಟು. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಯೋಜನೆ ಬೇಡ, ಪಠ್ಯಪುಸ್ತಕವೂ ಬದಲಾಗಬೇಕಿಲ್ಲ.

ನಕಲು ಮಾಡಿದ್ದು ಬರಹವಲ್ಲ

ಮಧ್ಯಾಹ್ನದ ಊಟ ಮುಗಿದ ಮೇಲೆ ಯಾವುದಾದರೂ ತರಗತಿಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಕಪ್ಪುಹಲಗೆಯ ಮೇಲೆ ಪ್ರಶ್ನೋತ್ತರ ಇರುತ್ತದೆ, ಮಕ್ಕಳು ತಲೆ ಬಗ್ಗಿಸಿ ಬರೆಯುತ್ತಿರುತ್ತಾರೆ. ಗಲಾಟೆಯಿಲ್ಲ, ಎಲ್ಲ ಶಿಸ್ತಾಗಿ ಕಾಣುತ್ತದೆ. ಈಗ ಒಂದು ಮಗುವಿನ ಕಣ್ಣನ್ನೇ ಹಿಂಬಾಲಿಸಿ. ಹಲಗೆ ನೋಡುತ್ತದೆ, ಒಂದಕ್ಷರ ಬರೆಯುತ್ತದೆ. ಮತ್ತೆ ತಲೆಯೆತ್ತುತ್ತದೆ, ಇನ್ನೊಂದಕ್ಷರ. ‘ರೈತನು’ ಎಂದು ಬರೆಯಲು ಮೂರು ಸಲ ಹಲಗೆ ನೋಡಿದ ಮಗು ರೈತನನ್ನು ಓದಿಲ್ಲ, ಮೂರು ಆಕಾರಗಳನ್ನು ಬಿಡಿಸಿದೆ. ಓದಬಲ್ಲ ಮಗುವಾದರೆ ಒಂದು ಸಲ ನೋಡಿ ಅರ್ಧ ವಾಕ್ಯವನ್ನು ಮನಸ್ಸಿನಲ್ಲಿ ಹಿಡಿದು ಬರೆಯುತ್ತದೆ. ಬರೆದು ಮುಗಿಸಿದವರನ್ನು ಕರೆದು, ಅವರದೇ ನೋಟ್‌ಬುಕ್ಕಿನ ಸಾಲನ್ನು ಓದಿಸಿ ನೋಡಿ. ದುಂಡಗಿನ ಅಕ್ಷರದ ಎಷ್ಟೋ ಮಕ್ಕಳ ಬೆರಳು ಎರಡನೆಯ ಪದದಲ್ಲೇ ನಿಂತುಬಿಡುತ್ತದೆ.

ಅಕ್ಷರ ದುಂಡಗಾಗಲು ನಕಲು ಬರಹ ಬೇಕು, ಅದನ್ನು ನಾನು ಬೇಡ ಎನ್ನುವುದಿಲ್ಲ. ಆದರೆ ಇಡೀ ದಿನ ಅದೊಂದೇ ನಡೆದರೆ ಮಗುವಿನ ಮನಸ್ಸಿನಲ್ಲಿ ಒಂದು ತಿಳಿವಳಿಕೆ ಬೇರೂರುತ್ತದೆ: ಬರೆಯುವುದೆಂದರೆ ಬೇರೆಯವರು ಹೇಳಿದ್ದನ್ನು ತಪ್ಪಿಲ್ಲದೆ ಇಳಿಸುವುದು, ತಾನು ಹೇಳಬೇಕಾದದ್ದಕ್ಕೆ ಪೆನ್ಸಿಲ್ ಅಲ್ಲ. ಐದನೆಯ ತರಗತಿಗೆ ಬಂದ ಮೇಲೆ ‘ನಿಮ್ಮೂರಿನ ಜಾತ್ರೆಯ ಬಗ್ಗೆ ಐದು ವಾಕ್ಯ ಬರೆಯಿರಿ’ ಎಂದರೆ ಮಕ್ಕಳು ಕಪ್ಪುಹಲಗೆಯ ಕಡೆ ನೋಡುತ್ತಾ ಕೂರುತ್ತಾರೆ. ಜಾತ್ರೆಯಲ್ಲಿ ತೇರಿನ ಹಗ್ಗ ಹಿಡಿದು ಕುಣಿದ ಮಕ್ಕಳೇ ಅವರು. ಅವರಲ್ಲಿ ಹೇಳಲು ಏನೂ ಇಲ್ಲ ಎಂದು ನಂಬುವುದು ಅನ್ಯಾಯ.

ಪುಸ್ತಕ ಎಲ್ಲಿದೆ?

2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲೇ ಪ್ರತಿ ಶಾಲೆಯಲ್ಲಿ ಗ್ರಂಥಾಲಯ ಇರಬೇಕು, ಅದರಲ್ಲಿ ದಿನಪತ್ರಿಕೆ, ನಿಯತಕಾಲಿಕೆ, ಕಥೆಪುಸ್ತಕ ಇರಬೇಕು ಎಂದಿದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಗ್ರಂಥಾಲಯಕ್ಕೆಂದೇ ಅನುದಾನವೂ ಇದೆ. ಪುಸ್ತಕಗಳು ಬಂದಿವೆ. ಬಂದು ಮುಖ್ಯ ಶಿಕ್ಷಕರ ಕೋಣೆಯ ಕಬ್ಬಿಣದ ಬೀರು ಸೇರಿವೆ.

ಬೀಗ ಹಾಕಿದವರನ್ನು ದೂರಲು ಈ ಮಾತು ಹೇಳುತ್ತಿಲ್ಲ. ಪುಸ್ತಕಗಳು ದಾಸ್ತಾನು ವಹಿಯಲ್ಲಿ ದಾಖಲಾಗಿರುತ್ತವೆ. ಹರಿದರೆ, ಕಳೆದರೆ ಉತ್ತರ ಕೊಡಬೇಕಾದವರು ಮುಖ್ಯ ಶಿಕ್ಷಕರು. ವರ್ಗಾವಣೆಯಾದಾಗ ಎಣಿಸಿ ಒಪ್ಪಿಸಬೇಕು. ಈ ಭಯ ನಿಜವಾದದ್ದು, ಅದನ್ನು ತೆಗೆಯಬೇಕಾದವರು ಇಲಾಖೆಯವರು. ಮಕ್ಕಳು ಓದಿ ಸವೆದ ಪುಸ್ತಕವನ್ನು ವಹಿಯಿಂದ ಕಳೆದುಹಾಕಬಹುದು ಎಂದು ಕ್ಷೇತ್ರ ಶಿಕ್ಷಣಾಧಿಕಾರಿಗಳು ಬರವಣಿಗೆಯಲ್ಲಿ ತಿಳಿಸಲಿ. ಆ ಒಂದು ಹಾಳೆಯ ಆದೇಶದಿಂದ ಎಷ್ಟು ಬೀರುಗಳು ತೆರೆಯುತ್ತವೆ ನೋಡಿ.

2021ರ ಜುಲೈಯಲ್ಲಿ ಶುರುವಾದ ನಿಪುಣ್ ಭಾರತ್ ಅಭಿಯಾನದ ಗುರಿಯನ್ನು ಈಗ ಎಲ್ಲ ಶಾಲೆಯ ಗೋಡೆಯ ಮೇಲೂ ಕಾಣುತ್ತೇವೆ. ಮೂರನೆಯ ತರಗತಿ ಮುಗಿಸುವ ಮಗು ತನಗೆ ಪರಿಚಯವಿಲ್ಲದ ಪಠ್ಯವನ್ನು ಅರ್ಥಮಾಡಿಕೊಂಡು ಓದಬೇಕು, 2026-27ರೊಳಗೆ ಎಲ್ಲ ಮಕ್ಕಳೂ ಆ ಹಂತ ಮುಟ್ಟಬೇಕು ಎನ್ನುತ್ತದೆ ಅದು. ಒಳ್ಳೆಯ ಗುರಿ. ಆದರೆ ವರ್ಷವಿಡೀ ಒಂದೇ ಪಠ್ಯಪುಸ್ತಕ ಕೈಯಲ್ಲಿರುವ ಮಗುವಿಗೆ ಪರಿಚಯವಿಲ್ಲದ ಪಠ್ಯ ಸಿಗುವುದಾದರೂ ಎಲ್ಲಿಂದ? ಪಾಠವನ್ನು ಕೇಳಿ ಕೇಳಿ ಬಾಯಿಪಾಠವಾದ ಮಗು ಪುಸ್ತಕ ಹಿಡಿದು ಗಿಣಿಯಂತೆ ಒಪ್ಪಿಸುತ್ತದೆ, ನಾವು ಓದು ಬಂತು ಎಂದುಕೊಳ್ಳುತ್ತೇವೆ.

ಓದುವ ಇಪ್ಪತ್ತು ನಿಮಿಷ

ಕಿಟಕಿಯಿಂದ ಕಿಟಕಿಗೆ, ಮಕ್ಕಳ ಎದೆಯ ಎತ್ತರಕ್ಕೆ ನೈಲಾನ್ ಹಗ್ಗ ಕಟ್ಟಿ. ಬಟ್ಟೆಗೆ ಹಾಕುವ ಕ್ಲಿಪ್ಪಿನಿಂದ ಪುಸ್ತಕಗಳನ್ನು ಮುಖಪುಟ ಕಾಣುವಂತೆ ತೂಗುಹಾಕಿ. ಬೆನ್ನು ಮಾತ್ರ ಕಾಣುವಂತೆ ಜೋಡಿಸಿಟ್ಟ ತೆಳು ಪುಸ್ತಕವನ್ನು ಯಾವ ಮಗುವೂ ಎಳೆದು ನೋಡುವುದಿಲ್ಲ, ಚಿತ್ರ ಕಂಡರೆ ಕೈ ತಾನಾಗಿ ಹೋಗುತ್ತದೆ. ಒಂದೇ ಸಲಕ್ಕೆ ಎಲ್ಲವನ್ನೂ ಹಾಕಬೇಡಿ. ಒಂದಷ್ಟು ಹಾಕಿ, ಹದಿನೈದು ದಿನಕ್ಕೊಮ್ಮೆ ಬದಲಾಯಿಸಿ. ತೆಗೆದುಕೊಂಡವರ, ಹಿಂದಿರುಗಿಸಿದವರ ಲೆಕ್ಕವನ್ನು ನಾಲ್ಕನೆಯ, ಐದನೆಯ ತರಗತಿಯ ಮಕ್ಕಳೇ ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಬರೆಯಲಿ. ನಮಗಿಂತ ಬಿಗಿಯಾಗಿ ಲೆಕ್ಕ ಇಡುತ್ತಾರೆ. ಹರಿದದ್ದಕ್ಕೆ ಶನಿವಾರ ಅಂಟು ಹಚ್ಚುವ ಕೆಲಸವೂ ಅವರದೇ ಆಗಲಿ.

ಆಯ್ಕೆ ಮಗುವಿನದು. ಐದನೆಯ ತರಗತಿಯ ಹುಡುಗ ಪುಟಕ್ಕೊಂದೇ ಸಾಲಿರುವ ಚಿತ್ರಪುಸ್ತಕ ಎತ್ತಿಕೊಂಡರೆ ಅವನನ್ನು ಯಾರೂ ಅಣಕಿಸದಂತೆ ನೋಡಿಕೊಳ್ಳಿ. ಅವನಿಗೆ ಈಗ ಬೇಕಾದದ್ದು ಆ ಪುಸ್ತಕವೇ ಇರಬಹುದು. ಓದಿದ ಮೇಲೆ ಪ್ರಶ್ನೆ ಕೇಳಿ ಪರೀಕ್ಷೆ ಮಾಡಬೇಡಿ. ಶಿಕ್ಷಕರು ಆ ಹೊತ್ತಿನಲ್ಲಿ ಹಾಜರಿ ವಹಿ ಬಿಡಿಸದೆ, ಫೋನು ತೆಗೆಯದೆ ತಾವೂ ಒಂದು ಪುಸ್ತಕ ಹಿಡಿದು ಕೂರಲಿ. ದೊಡ್ಡವರು ಸುಮ್ಮನೆ ಕೂತು ಓದುವುದನ್ನು ಎಷ್ಟೋ ಮಕ್ಕಳು ಮನೆಯಲ್ಲಿ ಕಂಡೇ ಇರುವುದಿಲ್ಲ.

ಇನ್ನೂ ಓದು ಬಾರದ ಮಕ್ಕಳಿಗೆ ಶಿಕ್ಷಕರೇ ಓದಿ ಹೇಳಬೇಕು. ಪುಸ್ತಕವನ್ನು ಮಕ್ಕಳ ಕಡೆಗೆ ತಿರುಗಿಸಿ ಹಿಡಿದು, ಸಾಲಿನ ಕೆಳಗೆ ಬೆರಳಾಡಿಸುತ್ತಾ ಓದಿ. ಕಥೆ ತಿರುವು ತೆಗೆದುಕೊಳ್ಳುವ ಪುಟ ಬಂದಾಗ ಪುಟ ತಿರುವದೆ ನಿಂತು, ‘ಮುಂದೇನಾಗಬಹುದು?’ ಎಂದು ಕೇಳಿ. ಮಕ್ಕಳು ‘ಮತ್ತೊಮ್ಮೆ’ ಎಂದರೆ ಮತ್ತೊಮ್ಮೆ ಓದಿ. ಮೂರನೆಯ ಸಲಕ್ಕೆ ಅವರೇ ಸಾಲು ಹಿಡಿದು ನಿಮ್ಮ ಜೊತೆ ಓದುತ್ತಿರುತ್ತಾರೆ.

ಬರೆಯುವ ಇಪ್ಪತ್ತು ನಿಮಿಷ

ಯಲಬುರ್ಗಾ ಕಡೆಯ ಒಂದು ಹಳ್ಳಿಶಾಲೆಯಲ್ಲಿ ಮೂರನೆಯ ತರಗತಿಯ ಹುಡುಗಿ ಬರೆದ ಮೂರು ಸಾಲು ಇವು: ‘ನಮ್ಮ ಆಡು ರಾತ್ರಿ ಎರಡು ಮರಿ ಹಾಕೇತಿ. ಕರಿ ಮರಿಗಿ ನಿದ್ರಾಕ ಬರವಲ್ದು. ಅವ್ವ ಗೋಣಿಚೀಲದಾಗ ಸುತಿ ಒಲಿ ಹತ್ರ ಇಟಾಳ.’

ಕೆಂಪು ಪೆನ್ನು ಹಿಡಿದರೆ ಈ ಮೂರು ಸಾಲಿನ ತುಂಬ ಗೆರೆ ಎಳೆಯಬಹುದು. ಎಳೆದರೆ ಮರುದಿನ ಆ ಹುಡುಗಿ ‘ಆಡು ಸಾಕುಪ್ರಾಣಿ. ಆಡು ಹಾಲು ಕೊಡುತ್ತದೆ’ ಎಂದು ಬರೆಯುತ್ತಾಳೆ, ತಪ್ಪಿಲ್ಲದೆ, ಜೀವವಿಲ್ಲದೆ. ನಾನು ಕೇಳಿದ್ದು ಒಂದೇ: ‘ಈಗ ಮರಿ ಹೆಂಗೈತವ್ವಾ?’ ‘ಬಾಟಲಿಲೆ ಹಾಲು ಕುಡದೈತ್ರಿ ಅಕ್ಕೋರ’ ಅಂದಳು. ‘ಅದನ್ನೂ ಬರಿ’ ಅಂದೆ. ಬರೆದಳು. ಅದರ ಮರುದಿನ ಮರಿ ಎದ್ದು ನಿಂತ ಸುದ್ದಿಯನ್ನು ಕೇಳದೆಯೇ ಬರೆದುಕೊಂಡು ಬಂದಳು.

ತಿದ್ದುವುದು ಬೇಡವೇ? ಬೇಕು. ಒಂದು ಸಲಕ್ಕೆ ಒಂದೇ ತಪ್ಪು ಹಿಡಿಯಿರಿ. ಅವಳ ಬರಹದಲ್ಲಿ ಒತ್ತಕ್ಷರ ಬಿಟ್ಟುಹೋಗಿತ್ತು. ‘ಸುತಿ’ ಮತ್ತು ‘ಸುತ್ತಿ’ ಎರಡನ್ನೂ ಬಾಯಿಬಿಟ್ಟು ಹೇಳಿಸಿದಾಗ ನಾಲಿಗೆ ಎಲ್ಲಿ ಒತ್ತುತ್ತದೆ ಎಂದು ಅವಳಿಗೇ ಗೊತ್ತಾಯಿತು. ಆಮೇಲೆ ಇಡೀ ತರಗತಿ ತ ಒತ್ತು ಇರುವ ಪದ ಹುಡುಕಲು ಹೊರಟಿತು: ಬುತ್ತಿ, ಹತ್ತಿ, ಬಿತ್ತು, ಕುತ್ತಿಗೆ. ‘ನಿದ್ರಾಕ’ (ನಿಂದ್ರಾಕ, ಅಂದರೆ ನಿಲ್ಲಲು) ಪದಕ್ಕೆ ಸೊನ್ನೆ ಇಡುವ ಪಾಠ ಮುಂದಿನ ವಾರಕ್ಕೆ ಉಳಿಯಿತು. ಉಕ್ತಲೇಖನದಲ್ಲಿ ವಾರಗಟ್ಟಲೆ ಬರದ ಒತ್ತಕ್ಷರ ಆಡಿನ ಮರಿಯ ನೆಪದಲ್ಲಿ ಬಂತು, ಯಾಕೆಂದರೆ ಆ ಪದ ಅವಳಿಗೆ ಬೇಕಾಗಿತ್ತು.

‘ಹಾಕೇತಿ’, ‘ಬರವಲ್ದು’ ಎಂಬ ಮಾತುಗಳನ್ನು ನಾನು ತಿದ್ದಲಿಲ್ಲ. ಅವು ತಪ್ಪಲ್ಲ, ಆ ಊರಿನ ಕನ್ನಡ. ‘ಪುಸ್ತಕದಾಗ ಇದನ್ನ ಹೆಂಗ ಬರೀತಾರ?’ ಎಂದು ಕೇಳಿದರೆ ಮಕ್ಕಳೇ ‘ಹಾಕಿದೆ’, ‘ಬರುತ್ತಿಲ್ಲ’ ಎನ್ನುತ್ತಾರೆ. ಎರಡನ್ನೂ ಎದುರುಬದುರು ಬರೆದು ಗೋಡೆಗೆ ಅಂಟಿಸಿ. ಮನೆಯಲ್ಲಿ ಲಂಬಾಣಿ, ಉರ್ದು, ತುಳು, ಕೊಂಕಣಿ, ತೆಲುಗು ಆಡುವ ಮಕ್ಕಳು ಮೊದಲು ತಮ್ಮ ಮಾತಿನಲ್ಲೇ ಹೇಳಲಿ. ಎರಡೂ ಭಾಷೆ ಬಲ್ಲ ಗೆಳೆಯ ಪಕ್ಕದಲ್ಲಿ ಕೂರಲಿ. ತಾಂಡಾದಿಂದ ಬರುವ ಮಗುವನ್ನು ‘ಇದಕ್ಕೆ ಮಾತೇ ಬರುವುದಿಲ್ಲ’ ಎಂದು ಹಿಂದಿನ ಸಾಲಿಗೆ ಕೂರಿಸುವುದನ್ನು ದಯವಿಟ್ಟು ನಿಲ್ಲಿಸಿ.

ಅಕ್ಷರ ಪೂರ್ತಿ ಕಲಿಯದ ಮಕ್ಕಳೂ ಬರೆಯಬಹುದು. ಚಿತ್ರ ಬಿಡಿಸಿ, ಅದರ ಬಗ್ಗೆ ಹೇಳಲಿ. ನೀವು ಅವರು ಹೇಳಿದ ಮಾತಿನಲ್ಲೇ ಕೆಳಗೆ ಒಂದು ಸಾಲು ಬರೆದುಕೊಡಿ, ಜೊತೆಗೆ ಓದಿ. ನ್ಯೂಜಿಲೆಂಡಿನ ಶಿಕ್ಷಕಿ ಸಿಲ್ವಿಯಾ ಆಷ್ಟನ್ ವಾರ್ನರ್ ಮಾವೋರಿ ಮಕ್ಕಳಿಗೆ ಕಲಿಸಿದ ಬಗೆಯನ್ನು 1963ರಲ್ಲಿ ಬಂದ ‘ಟೀಚರ್’ ಪುಸ್ತಕದಲ್ಲಿ ಹೇಳಿದ್ದಾರೆ. ಪ್ರತಿ ಮಗುವನ್ನೂ ‘ಇವತ್ತು ನಿನಗೆ ಯಾವ ಪದ ಬೇಕು?’ ಎಂದು ಕೇಳಿ, ಆ ಪದವನ್ನು ಚೀಟಿಯ ಮೇಲೆ ಬರೆದು ಅದರ ಕೈಗೇ ಕೊಡುತ್ತಿದ್ದರು. ಮರುದಿನ ಮಗು ಗುರುತಿಸದ ಚೀಟಿಯನ್ನು ಪಕ್ಕಕ್ಕೆ ಹಾಕುತ್ತಿದ್ದರು. ಆ ಪದ ಮಗುವಿಗೆ ಅಷ್ಟು ಬೇಕಾದದ್ದಲ್ಲ ಎಂದು ಅವರ ಲೆಕ್ಕ. ಹಳೆಯ ಲಗ್ನಪತ್ರಿಕೆಯ ಖಾಲಿ ಬದಿ ಇದ್ದರೆ ನಾವೂ ನಾಳೆಯೇ ಇದನ್ನು ಮಾಡಬಹುದು. ನನ್ನ ಮಕ್ಕಳು ಕೇಳಿದ ಪದಗಳು: ಟ್ರ್ಯಾಕ್ಟರ್, ದೆವ್ವ, ಮಂಡಕ್ಕಿ, ಅಜ್ಜಿ.

ಬರೆದದ್ದಕ್ಕೆ ಓದುಗರು ಬೇಕು. ಎರಡು ಎ4 ಹಾಳೆಯನ್ನು ನಡುವೆ ಮಡಚಿ ಬೆನ್ನಿಗೆ ಎರಡು ಪಿನ್ನು ಹೊಡೆದರೆ ಎಂಟು ಪುಟದ ಪುಸ್ತಕ. ಲಗ್ನಪತ್ರಿಕೆಯ ದಪ್ಪ ಕಾಗದ ಅದಕ್ಕೆ ರಟ್ಟು. ಮೇಲೆ ಮಗುವಿನ ಹೆಸರು ಬರೆಸಿ ಅದೇ ಹಗ್ಗಕ್ಕೆ ತೂಗುಹಾಕಿ. ಕ್ಯಾಲೆಂಡರಿನ ಹಿಂಬದಿ ಗೋಡೆಪತ್ರಿಕೆಗೆ ಸಾಕು. ನಲಿ-ಕಲಿ ಕೋಣೆಯಲ್ಲಿ ಕಾಗದ ತೂಗುಹಾಕುವ ಚಪ್ಪರ ಇದ್ದೇ ಇದೆ. ಅಂಗಡಿಯಿಂದ ತಂದ ಬಣ್ಣದ ಕಾಗದ ಇಳಿಸಿ ಮಕ್ಕಳು ಬರೆದದ್ದನ್ನು ಅಲ್ಲಿ ಕಟ್ಟಿ.

ಎದುರಾಗುವ ಪ್ರಶ್ನೆಗಳು

ಅಕ್ಷರ ಕಲಿಸುವುದನ್ನು ಬಿಡಬೇಕೇ? ಖಂಡಿತ ಇಲ್ಲ. ಬರೀ ಕಥೆ ಕೇಳಿದ್ದರಿಂದ ಕಾಗುಣಿತ ಬರುವುದಿಲ್ಲ, ಅದನ್ನು ಕ್ರಮವಾಗಿ, ದಿನವೂ ಕಲಿಸಲೇಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿ-ಕಲಿ ಪದ್ಧತಿ ಈ ವಿಷಯದಲ್ಲಿ ನಮಗೆ ಒಳ್ಳೆಯ ದಾರಿ ಹಾಕಿಕೊಟ್ಟಿದೆ. ವರ್ಣಮಾಲೆ ಮುಗಿಯುವವರೆಗೆ ಕಾಯದೆ ರ, ಗ, ಸ, ದ, ಅ ಎಂಬ ಐದೇ ಅಕ್ಷರ ಕಲಿತ ಮಗು ಸರ, ಅಗಸ, ಅರಸ, ಗರಗಸ ಎಂದು ಓದುತ್ತದೆ, ಬರೆಯುತ್ತದೆ. ನಾನು ಕೇಳುವ ಅವಧಿ ಆ ಕಲಿಕೆಯ ಜೊತೆಗೆ ನಡೆಯಬೇಕಾದದ್ದು, ಅದರ ಬದಲಿಗಲ್ಲ.

ಪಾಠ ಮುಗಿಯುವುದಿಲ್ಲ ಎನ್ನುವವರಿಗೆ: ಪ್ರಶ್ನೋತ್ತರ ನಕಲು ಮಾಡಿಸುವ ಹೊತ್ತಿನಲ್ಲಿ ಅರ್ಧ ಕೊಡಿ, ಸಾಕು. ಇಬ್ಬರೇ ಶಿಕ್ಷಕರು ಐದು ತರಗತಿ ನೋಡುವ ಶಾಲೆಗಳಲ್ಲಿ ಈ ಅವಧಿ ಇನ್ನೂ ಸುಲಭ, ಎಲ್ಲ ವಯಸ್ಸಿನವರೂ ಒಟ್ಟಿಗೆ ಕೂರಬಹುದು.

ತಂದೆತಾಯಂದಿರಲ್ಲಿ ಒಂದು ಮಾತು. ನೋಟ್‌ಬುಕ್ಕಿನಲ್ಲಿ ವಕ್ರ ಅಕ್ಷರ, ತಿದ್ದದ ತಪ್ಪು ಕಂಡಾಗ ಶಿಕ್ಷಕರು ನೋಡಿಲ್ಲ ಎಂದು ಸಿಟ್ಟಾಗಬೇಡಿ. ‘ಏನು ಬರೆದೀಯವ್ವಾ, ಓದಿ ಹೇಳು’ ಎಂದು ಕೇಳಿ. ಓದು ಬರದ ತಾಯಿಯೂ ಇದನ್ನು ಕೇಳಬಹುದು. ‘ಸಮುದಾಯದತ್ತ ಶಾಲೆ’ ದಿನ ಶಾಲೆಗೆ ಬಂದಾಗ ಅಂಕ ನೋಡುವ ಮೊದಲು ಮಗು ತಾನೇ ಬರೆದ ಒಂದು ಪುಟವನ್ನು ತೋರಿಸಲು ಹೇಳಿ. ಅಂಥ ಪುಟ ಇಲ್ಲದಿದ್ದರೆ ಯಾಕಿಲ್ಲ ಎಂದು ವಿನಯದಿಂದಲೇ ಕೇಳಿ.

ಸಾಮಗ್ರಿ ಎಲ್ಲಿ ಸಿಗುತ್ತದೆ

ಅನುಪಮಾ ನಿರಂಜನ ಅವರ ‘ದಿನಕ್ಕೊಂದು ಕಥೆ’ ಸಂಪುಟಗಳು ಓದಿ ಹೇಳಲು ಹೇಳಿಮಾಡಿಸಿದಂತಿವೆ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರು ಬಾಲ ಪುಸ್ತಕಾಲಯದ ಕನ್ನಡ ಪುಸ್ತಕಗಳು ಅಗ್ಗ, ಚಿತ್ರಗಳೂ ಚೆನ್ನ. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಹಂತ ಹಂತವಾಗಿ ಜೋಡಿಸಿದ ಕನ್ನಡ ಕಥೆಗಳಿವೆ. ಹಣ ಕೊಡದೆ ಇಳಿಸಿಕೊಂಡು ಮುದ್ರಿಸಿ ಹಂಚಬಹುದು. ವಿಜ್ಞಾನದ ಕುತೂಹಲ ಇರುವ ಮಕ್ಕಳಿಗೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಇದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಈಗಿನ ಅರಿವು ಕೇಂದ್ರವನ್ನು ಮರೆಯಬೇಡಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಇದೆಲ್ಲ ಸಿಗುವ ಮೊದಲು ಬೀಜದ ಪ್ಯಾಕೆಟ್ಟು, ಬಸ್ಸಿನ ಬೋರ್ಡು, ಪತ್ರಿಕೆಯ ತುಣುಕು, ಲಗ್ನಪತ್ರಿಕೆಯಿಂದಲೇ ಶುರುಮಾಡಿ. ಅವೂ ಓದಲು ಬಂದ ಅಕ್ಷರಗಳೇ.

ಶಿಕ್ಷಕ ಬಂಧುಗಳು ಗುಜರಾತಿನ ಶಿಕ್ಷಣತಜ್ಞ ಗಿಜುಭಾಯಿ ಬಧೇಕರ ‘ದಿವಾಸ್ವಪ್ನ’ ಒಮ್ಮೆ ಓದಬೇಕು. ಅದರಲ್ಲಿ ಬರುವ ಮೇಷ್ಟ್ರು ಪಠ್ಯಪುಸ್ತಕಕ್ಕೆ ಕೊಡುವ ದುಡ್ಡನ್ನು ಒಟ್ಟುಮಾಡಿ ತರಗತಿಗೊಂದು ಪುಸ್ತಕಾಲಯ ಕಟ್ಟುತ್ತಾರೆ. ನಮ್ಮಲ್ಲೂ ಮಕ್ಕಳಿಗಾಗಿ ಕಥೆ, ಪದ್ಯ ಬರೆದ ಪಂಜೆ ಮಂಗೇಶರಾಯರು ಶಾಲೆಯಲ್ಲಿ ಪಾಠ ಹೇಳಿದವರು, ಶಾಲೆಗಳ ತನಿಖೆಗೆ ಊರೂರು ತಿರುಗಿದವರು. ಕನ್ನಡದ ಮಕ್ಕಳಿಗೆ ಓದಲು ಬೇಕಾದದ್ದನ್ನು ಶಾಲೆಯವರೇ ಬರೆದುಕೊಟ್ಟ ಪರಂಪರೆ ನಮ್ಮದು.

ಎಸ್‌ಡಿಎಂಸಿಯ ಮುಂದಿನ ಸಭೆಯಲ್ಲಿ ಈ ವಿಷಯ ಮಂಡಿಸಿ. ಯಾವ ಅವಧಿ ಎಂದು ಗೊತ್ತುಮಾಡಿ, ವೇಳಾಪಟ್ಟಿಯಲ್ಲಿ ಬರೆಸಿ. ಬೀರುವಿನ ಕೀಲಿಯ ಒಂದು ಪ್ರತಿ ತರಗತಿ ಶಿಕ್ಷಕರ ಕೈಯಲ್ಲಿರಲಿ. ಓದಿ ಹರಿದ ಪುಸ್ತಕಕ್ಕೆ ಮುಖ್ಯ ಶಿಕ್ಷಕರನ್ನು ಹೊಣೆ ಮಾಡುವುದಿಲ್ಲ ಎಂದು ನಡಾವಳಿ ಪುಸ್ತಕದಲ್ಲಿ ದಾಖಲಿಸಿ, ಸದಸ್ಯರೆಲ್ಲ ಸಹಿ ಹಾಕಿ, ಒಂದು ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಕಳುಹಿಸಿ. ಈ ಕರಪತ್ರ ಓದಿದವರು ಪಕ್ಕದ ಊರಿನ ಶಾಲೆಗೂ ಇದನ್ನು ತಲುಪಿಸಿ.