ಮರೆವಿಗೆ ಹಾರ್ಮೋನ್ ಮಾತ್ರೆಯೇ?



ಈ ಸಲ ಅಂಗಡಿಯ ಮಾತು ಬಿಟ್ಟು ಮನೆಯೊಳಗಿನ ಒಂದು ವಿಷಯ ಬರೆಯುತ್ತೇವೆ. ಇದು ಹೆಂಗಸರ ವಿಷಯವೆಂದು ಗಂಡಸರು ಪುಟ ತಿರುವಬಾರದು. ಔಷಧಿಗೆ ಹಣ ಕೊಡುವವರು ನಾವೇ, ತಿಳಿಯದೆ ತಂದುಕೊಡುವವರೂ ನಾವೇ.

ನಮ್ಮ ಅಣ್ಣನವರ ಪತ್ನಿ, ನಮ್ಮ ವೈನಿಯವರಿಗೆ 68 ವರ್ಷ. ನಲವತ್ತು ವರ್ಷಗಳಿಂದ ರಾತ್ರಿಭೋಜನ ತ್ಯಾಗ ಪಾಲಿಸಿದವರು. 2025ರ ದಶಲಕ್ಷಣ ಪರ್ವ ಮುಗಿದ ವಾರದಲ್ಲಿ ಒಂದು ಸಂಜೆ ಊಟ ಮುಗಿಸಿ ಬಸದಿಗೆ ಹೋಗಿ ಬಂದರು. ಬಂದವರೇ ಸೊಸೆಯನ್ನು ಕರೆದು, "ಯಾಕವ್ವಾ, ಇವತ್ತ ನನಗ ಊಟಕ್ಕ ಕರೀಲೇ ಇಲ್ಲಲ್ಲ? ಹೊತ್ತು ಮುಳುಗಿ ಹೋತು" ಎಂದರು. ಸೊಸೆ ಏನೂ ಹೇಳದೆ ಒಳಗೆ ಹೋಗಿ ಅತ್ತಳು. ಅದಕ್ಕೂ ಮೊದಲು ಒಲೆಯ ಮೇಲೆ ಹಾಲಿಟ್ಟು ಮರೆಯುವುದು, ಜಪಮಾಲೆ ಅರ್ಧಕ್ಕೆ ಬಿಟ್ಟು ಮತ್ತೆ ಮೊದಲಿನಿಂದ ಹಿಡಿಯುವುದು ನಡೆದಿತ್ತು. ವಯಸ್ಸಾಯಿತೆಂದು ಎಲ್ಲರೂ ಸುಮ್ಮನಿದ್ದೆವು.

ನವೆಂಬರಿನಲ್ಲಿ ಬೀಗರ ಕಡೆಯವರೊಬ್ಬರು ಪುಣೆಯಿಂದ ಬಂದರು. ಮುಟ್ಟು ನಿಂತ ಮೇಲೆ ಸ್ತ್ರೀಯರ ದೇಹದಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿಯುತ್ತದೆ, ಮೆದುಳು ಮಂಕಾಗುವುದು ಅದರಿಂದಲೇ, ಮಾತ್ರೆಯಿಂದ ತುಂಬಿಕೊಟ್ಟರೆ ನೆನಪು ಮರಳುತ್ತದೆ ಎಂದು ಹೇಳಿ ಒಂದು ಪಟ್ಟಿ ಮಾತ್ರೆ ಕೈಗಿತ್ತರು. ಅಮೆರಿಕದಲ್ಲಿ ಈ ಮಾತ್ರೆಯ ಮೇಲಿನ ಎಚ್ಚರಿಕೆಯನ್ನೇ ತೆಗೆಯುತ್ತಿದ್ದಾರೆ ಎಂಬ ಮಾತನ್ನೂ ಸೇರಿಸಿದರು. ನಾವು ಮ್ಯಾಟ್ರಿಕ್ ಕಲಿತವರು, ವೈದ್ಯರಲ್ಲ. ಆದರೆ ಬಿಲ್ ಇಲ್ಲದ ಮಾಲನ್ನು ಒಳಗೆ ಬಿಟ್ಟುಕೊಳ್ಳುವ ರೂಢಿಯೂ ನಮಗಿಲ್ಲ. ಮಾತ್ರೆಗಳನ್ನು ಕಪಾಟಿನಲ್ಲಿಟ್ಟು ವೈನಿಯವರನ್ನು ಸೊಲ್ಲಾಪುರಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಕೇಳಿದ್ದನ್ನೂ ಆಮೇಲೆ ಓದಿಸಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತೇವೆ.

ಈ ಮಾತ್ರೆ ಮೆದುಳನ್ನು ಕಾಯುತ್ತದೆ ಎಂಬ ನಂಬಿಕೆ ಬಹಳ ಹಿಂದಿನಿಂದ ಇತ್ತು. ಅದನ್ನು ಪರೀಕ್ಷಿಸಲು ಅಮೆರಿಕದಲ್ಲಿ 65 ವರ್ಷ ದಾಟಿದ 4,532 ಸ್ತ್ರೀಯರನ್ನು ಆರಿಸಿ, ಸುಮಾರು ಅರ್ಧ ಜನರಿಗೆ ಎರಡು ಹಾರ್ಮೋನು ಸೇರಿದ ಮಾತ್ರೆಯನ್ನೂ ಉಳಿದವರಿಗೆ ಔಷಧಿಯಿಲ್ಲದ ಬರೀ ಮಾತ್ರೆಯನ್ನೂ ಕೊಟ್ಟರು. 2003ರಲ್ಲಿ ಫಲಿತಾಂಶ ಹೊರಬಂತು. ಹಾರ್ಮೋನ್ ತೆಗೆದುಕೊಂಡವರಲ್ಲಿ 40 ಜನರಿಗೆ, ಬರೀ ಮಾತ್ರೆಯವರಲ್ಲಿ 21 ಜನರಿಗೆ ಬುದ್ಧಿ ಕುಂದುವ ರೋಗ ಕಾಣಿಸಿತ್ತು. ಕಾಯಬೇಕಾದದ್ದು ಕಾಯಲಿಲ್ಲ. ಇಮ್ಮಡಿ ಎಂದೊಡನೆ ಗಾಬರಿಯಾಗುವುದೂ ಬೇಡ. ಲೆಕ್ಕ ಹಾಕಿದರೆ ಹತ್ತು ಸಾವಿರ ಜನರಲ್ಲಿ ವರ್ಷಕ್ಕೆ 22 ಇದ್ದದ್ದು 45 ಆಯಿತು. ಅಂದರೆ ಸಾವಿರಕ್ಕೆ ಎರಡು ಹೆಚ್ಚು. ಸಣ್ಣ ನಷ್ಟವೇ ಸರಿ, ಆದರೆ ಲಾಭವೇ ಇಲ್ಲದ ಕಡೆ ಸಣ್ಣ ನಷ್ಟವನ್ನು ಯಾರು ಹೊರುತ್ತಾರೆ?

ಮುಟ್ಟು ನಿಂತ ಹೊಸದರಲ್ಲೇ ಆರಂಭಿಸಿದರೆ ಹೇಗೆ ಎಂದು ಬೇರೆ ಪರೀಕ್ಷೆ ನಡೆಯಿತು. ನಾಲ್ಕು ವರ್ಷ ಮಾತ್ರೆ ಇಲ್ಲವೆ ಚರ್ಮಕ್ಕೆ ಅಂಟಿಸುವ ಪಟ್ಟಿ ಬಳಸಿದವರನ್ನು ಸುಮಾರು ಹತ್ತು ವರ್ಷದ ನಂತರ ನೋಡಿದರು. ಅದು 2024ರಲ್ಲಿ ಪ್ರಕಟವಾಯಿತು. ನೆನಪಿಗೆ ಕೇಡೂ ಆಗಿರಲಿಲ್ಲ, ಒಳಿತೂ ಆಗಿರಲಿಲ್ಲ. 2025ರ ನವೆಂಬರಿನಲ್ಲಿ ಅಮೆರಿಕದ ಔಷಧ ಇಲಾಖೆ ಎಚ್ಚರಿಕೆ ತೆಗೆಸಲು ಹೊರಟದ್ದು ನಿಜ. ಆದರೆ 60ರೊಳಗೆ ಅಥವಾ ಮುಟ್ಟು ನಿಂತ ಹತ್ತು ವರ್ಷದೊಳಗೆ ಆರಂಭಿಸಬೇಕೆಂದೂ ಅದೇ ಇಲಾಖೆ ಹೇಳಿದೆ. ಬೀಗರು ಅರ್ಧ ವಾಕ್ಯ ಓದಿದ್ದರು.

ಹಾಗೆಂದು ಈ ಔಷಧಿ ಕೆಟ್ಟದ್ದಲ್ಲ. ಐವತ್ತರ ಆಸುಪಾಸಿನಲ್ಲಿ ಮೈಯೆಲ್ಲ ಬೆಂಕಿ ಹೊತ್ತಿದಂತಾಗಿ, ಬೆವರಿ, ನಿದ್ದೆಗೆಟ್ಟು ನರಳುವ ತಾಯಂದಿರಿಗೆ ಇಷ್ಟು ಗುಣ ಕೊಡುವ ಔಷಧಿ ಬೇರೆ ಇಲ್ಲ. ಸರಿಯಾಗಿ ನಿದ್ದೆ ಬಂದರೆ ಮನಸ್ಸೂ ತಿಳಿಯಾಗುತ್ತದೆ. ಗರ್ಭಕೋಶ ಇದ್ದವರು ಈಸ್ಟ್ರೋಜನ್ ಒಂದನ್ನೇ ನುಂಗಬಾರದು, ಗರ್ಭಕೋಶದ ಒಳಪದರದ ಕ್ಯಾನ್ಸರ್ ಭಯವಿದೆ. ಸ್ತನ ಕ್ಯಾನ್ಸರ್ ಆದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ.

ಇನ್ನೊಂದು ಮಾತು, ಇದು ನಮ್ಮ ಕಡೆಯವರಿಗೆ ಬಹಳ ಮುಖ್ಯ. ಬಿಳಿ ಹೋಗುತ್ತದೆ, ಹೊಟ್ಟೆ ನೋಯುತ್ತದೆ ಎಂದು ಮೂವತ್ತೈದು-ನಲವತ್ತಕ್ಕೇ ಗರ್ಭಕೋಶ ತೆಗೆಸಿಕೊಳ್ಳುವ ಹೆಣ್ಣುಮಕ್ಕಳಿದ್ದಾರೆ. ಬೀಡ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಸಂಗತಿ 2019ರಲ್ಲಿ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಅದು ಬಡವರ ಮನೆಯಲ್ಲಿ ಮಾತ್ರ ನಡೆಯುವುದಲ್ಲ. ಗರ್ಭಕೋಶದೊಡನೆ ಎರಡೂ ಅಂಡಾಶಯ ತೆಗೆದರೆ ಹಾರ್ಮೋನು ಒಂದೇ ದಿನಕ್ಕೆ ನಿಲ್ಲುತ್ತದೆ. ಅಂಥವರಲ್ಲಿ ಮುಂದೆ ಮರೆವಿನ ರೋಗ ಹೆಚ್ಚೆಂದು 2007ರಲ್ಲಿ ಅಮೆರಿಕದ ಒಂದು ಅಧ್ಯಯನ ತೋರಿಸಿತು. ಅಡ್ಡಿಯಾಗುವ ರೋಗವಿಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಅವರಿಗೆ ಹಾರ್ಮೋನು ಕೊಡಬೇಕೆನ್ನುತ್ತಾರೆ ವೈದ್ಯರು. ಶಸ್ತ್ರಕ್ರಿಯೆಗೆ ಮೊದಲೇ "ಅಂಡಾಶಯ ಉಳಿಸಬಹುದೇ?" ಎಂದು ಕೇಳಿರಿ. ಕೇಳಲು ದುಡ್ಡು ಬೀಳುವುದಿಲ್ಲ.

ಈಗ ನಮ್ಮ ಧರ್ಮದವರು ತಿಳಿಯಬೇಕಾದದ್ದು. ಕಪಾಟಿನ ಆ ಪಟ್ಟಿಯ ಮೇಲೆ "ಕಾಂಜುಗೇಟೆಡ್ ಈಸ್ಟ್ರೋಜನ್ಸ್" ಎಂದಿತ್ತು. 2003ರ ಪರೀಕ್ಷೆಯ ಮಾತ್ರೆಯಲ್ಲಿ ಇದ್ದದ್ದೂ ಇದೇ, ಕುದುರೆಯ ಮೂತ್ರದಿಂದ ತೆಗೆದದ್ದು. ಗಬ್ಬದ ಕುದುರೆಗಳನ್ನು ತಿಂಗಳುಗಟ್ಟಲೆ ಇಕ್ಕಟ್ಟಿನಲ್ಲಿ ಕಟ್ಟಿ, ಚೀಲ ಬಿಗಿದು ಮೂತ್ರ ಹಿಡಿಯುತ್ತಾರೆ. ಪ್ರೆಮಾರಿನ್ ಎಂಬ ಹೆಸರೇ ಗಬ್ಬದ ಕುದುರೆಯ ಮೂತ್ರ ಎಂಬ ಇಂಗ್ಲಿಷ್ ಪದಗಳಿಂದ ಕೂಡಿಸಿದ್ದು. ಹಾರ್ಮೋನು ನಿಜವಾಗಿ ಬೇಕಾದವರಿಗೆ ಬೇರೆ ದಾರಿಯಿದೆ. ಎಸ್ಟ್ರಾಡಿಯಾಲ್ ಎಂಬುದನ್ನು ಸೋಯಾ, ಕಾಡುಗೆಣಸುಗಳ ಸಾರದಿಂದ ತಯಾರಿಸುತ್ತಾರೆ. ಕಂದಮೂಲ ಬಿಟ್ಟವರು ಗೆಣಸಿಗೂ ಪ್ರಶ್ನೆ ಎತ್ತುವರೆಂದು ಬಲ್ಲೆವು. ಅದನ್ನು ಮುನಿ ಮಹಾರಾಜರಲ್ಲೇ ಕೇಳಬೇಕು. ಜೊತೆಗೆ ಕೊಡುವ ಪ್ರೊಜೆಸ್ಟರಾನ್ ಗುಳಿಗೆಯ ಹೊದಿಕೆ ಸಾಮಾನ್ಯವಾಗಿ ಜಿಲೆಟಿನ್, ಪ್ರಾಣಿಗಳ ಚರ್ಮ-ಮೂಳೆಯದು. ಬರೆಸಿಕೊಳ್ಳುವಾಗಲೇ ವೈದ್ಯರಿಗೆ ಹೇಳಿರಿ.

ವೈನಿಯವರ ವಿಷಯ ಹೇಳುವುದು ಉಳಿಯಿತು. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಸರಿಯಾಗಿತ್ತು. ಅದು ಕಡಿಮೆಯಾದರೂ ಮರೆವು ಬರುತ್ತದೆ, ಆ ಹಾರ್ಮೋನನ್ನು ಮಾತ್ರೆಯಿಂದ ತುಂಬಿಕೊಡಬಹುದು. ಬಿ-12 ಜೀವಸತ್ವ ಮಾತ್ರ ತಳ ಕಂಡಿತ್ತು. ಇದು ಸಸ್ಯಾಹಾರದಲ್ಲಿ ಹಾಲು-ಮೊಸರಿನಿಂದ ಬಿಟ್ಟರೆ ಸಿಗುವುದೇ ಕಡಿಮೆ. ವೈನಿಯವರು ಹಾಲು-ಮೊಸರು ತ್ಯಾಗ ಮಾಡಿ ಆರು ವರ್ಷವಾಗಿತ್ತು. ಪಾದ ಜುಮ್ಮೆನ್ನುತ್ತದೆ ಎಂದು ಅವರು ಹೇಳುತ್ತಲೇ ಇದ್ದರು, ನಾವು ಎಣ್ಣೆ ಹಚ್ಚಿಸುತ್ತಿದ್ದೆವು. ಔಷಧಿಯ ಬಿ-12 ಅನ್ನು ಸೂಕ್ಷ್ಮಾಣುಗಳನ್ನು ಬೆಳೆಸಿ ತಯಾರಿಸುತ್ತಾರೆ, ಪ್ರಾಣಿಗಳ ಮಾಂಸದಿಂದಲ್ಲ ಎಂದು ತಿಳಿದ ಮೇಲೆ ಅವರು ಇಂಜೆಕ್ಷನ್ನಿಗೆ ಒಪ್ಪಿದರು.

ಮೂರು ತಿಂಗಳಲ್ಲಿ ಜುಮ್ಮು ಇಳಿಯಿತು. ಜಪಮಾಲೆ ಪೂರ್ತಿಯಾಗುತ್ತಿದೆ. ಹೆಸರುಗಳು ಈಗಲೂ ತಪ್ಪುತ್ತವೆ. ತಡವಾಗಿ ಬಂದಿರಿ, ಎಲ್ಲವೂ ಮರಳಲಿಕ್ಕಿಲ್ಲ ಎಂದಿದ್ದಾರೆ ವೈದ್ಯರು. ಸಂಜೆ ಊಟವಾದ ಕೂಡಲೇ ಸೊಸೆ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕುತ್ತಾಳೆ. ವೈನಿಯವರು ಬಸದಿಯಿಂದ ಬಂದು ಮೊದಲು ಅದನ್ನು ನೋಡಿ, ಆಮೇಲೆ ಕೂಡುತ್ತಾರೆ.